ಮೊಬೈಲ್‌ನಲ್ಲಿ ಬೆಲೆ ಹೋಲಿಸುವುದು ಹೇಗೆ: ಒಂದು ಔಷಧಿ ಪಂಪಿನ ಲೆಕ್ಕ

ಮುಳಬಾಗಿಲು ತಾಲ್ಲೂಕಿನಲ್ಲಿ ನಮ್ಮ ಚಿಕ್ಕಪ್ಪನಿಗೆ ಮುಕ್ಕಾಲು ಎಕರೆ ಟೊಮೆಟೊ ತೋಟವಿದೆ. ಹೋದ ಮುಂಗಾರಿನಲ್ಲಿ ಅವರ ಹಳೆಯ ಔಷಧಿ ಪಂಪು ಕೆಟ್ಟು ಕೂತಿತು. ‘ಮೊಬೈಲ್‌ನಲ್ಲಿ ನೋಡಿ ಒಂದು ಬ್ಯಾಟರಿ ಪಂಪು ತರಿಸಿಕೊಡಪ್ಪ, ಪೇಟೆಗೆ ಹೋಗಿ ಬರುವಷ್ಟು ಪುರುಸೊತ್ತಿಲ್ಲ’ ಎಂದರು. ನಾನು ಹುಡುಕಿದೆ. ಪರದೆಯ ಮೇಲ್ಭಾಗದಲ್ಲಿ ಬೆಲೆ ಸಮೇತ ಸಾಲಾಗಿ ಬಂದ ಚಿತ್ರಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ಒತ್ತಿ ಹಣ ಕಟ್ಟಿದೆ.

ಪಂಪು ಬಂತು. ಕೇಳಿದ ಹಾಗೆ 16 ಲೀಟರಿನದೇ. ಆದರೆ ಒಳಗಿದ್ದದ್ದು 12 ವೋಲ್ಟಿನ, 8 ಆಂಪಿಯರ್ ಅವರ್‌ನ ಬ್ಯಾಟರಿ. ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆಯೇ ಆಂಪಿಯರ್ ಅವರ್. ಪಕ್ಕದ ತೋಟದವರ ಬಳಿ ಇದ್ದದ್ದು, ಚಿಕ್ಕಪ್ಪ ಮನಸ್ಸಿನಲ್ಲಿಟ್ಟುಕೊಂಡಿದ್ದದ್ದು 12 ಆಂಪಿಯರ್ ಅವರ್‌ನದು. ಔಷಧಿ ಹೊಡೆಯಲು ಶುರು ಮಾಡಿದ ದಿನ ಊಟದ ಹೊತ್ತಿಗೆಲ್ಲ ಮೋಟಾರಿನ ಸದ್ದು ಇಳಿಯಿತು. ನಾಜಲ್‌ನಿಂದ ಮಂಜಿನ ಹಾಗೆ ಹರಡಬೇಕಿದ್ದ ಔಷಧಿ ತೊಟ್ಟಿಕ್ಕತೊಡಗಿತು. ಇನ್ನೂ ಏಳೆಂಟು ಸಾಲು ಬಾಕಿ ಇತ್ತು, ಸಂಜೆಗೆ ಮಳೆ ಹಿಡಿಯಿತು. ಅಂಗಮಾರಿ ರೋಗ ಕಾಣಿಸಿಕೊಂಡ ತೋಟದಲ್ಲಿ ಒಂದು ದಿನ ತಪ್ಪುವುದು ಸಣ್ಣ ಮಾತಲ್ಲ. ಬ್ಯಾಟರಿಯ ಅಳತೆ ಆ ಪುಟದ ವಿವರಣೆಯಲ್ಲಿ ಕೆಳಗೆಲ್ಲೋ ಬರೆದಿತ್ತು. ನಾನು ಅಲ್ಲಿಯವರೆಗೆ ಓದಿರಲಿಲ್ಲ.

ಆ ಪಂಪಿನಿಂದ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಮಿಕ್ಸಿಗೂ ಫ್ಯಾನಿಗೂ ಮೊಬೈಲಿಗೂ ದಾರಿ ಇದೇ.

ಹುಡುಕುವ ಮೊದಲು ಚೀಟಿ ಬರೆಯಿರಿ

‘ಬ್ಯಾಟರಿ ಸ್ಪ್ರೇಯರ್’ ಎಂದಷ್ಟೇ ಹಾಕಿದರೆ ನೂರಾರು ಪಂಪುಗಳು ಬರುತ್ತವೆ, ನೋಟಕ್ಕೆ ಎಲ್ಲವೂ ಒಂದೇ. ಆದ್ದರಿಂದ ಮೊದಲ ಹೆಜ್ಜೆ ಮೊಬೈಲ್‌ನಲ್ಲಿ ಇಲ್ಲ, ಅಂಗಡಿಯಲ್ಲಿದೆ. ಕೋಲಾರಕ್ಕೋ ಮುಳಬಾಗಿಲಿಗೋ ಬೇರೆ ಕೆಲಸಕ್ಕೆ ಹೋದಾಗ ಗೊಬ್ಬರ, ಔಷಧಿ ಮಾರುವ ಅಂಗಡಿಯಲ್ಲಿ ಪಂಪನ್ನು ಬೆನ್ನಿಗೆ ಹಾಕಿಕೊಂಡು ನೋಡಿ. 16 ಲೀಟರಿಗೂ 20 ಲೀಟರಿಗೂ ಇರುವ ವ್ಯತ್ಯಾಸ ತುಂಬಿದ ಮೇಲೆ ನಾಲ್ಕು ಕಿಲೋ ಭಾರ. ಅದು ಬೆನ್ನಿಗೆ ಗೊತ್ತಾಗುತ್ತದೆಯೇ ಹೊರತು ಪರದೆಯಲ್ಲಿ ಗೊತ್ತಾಗುವುದಿಲ್ಲ. ಆಮೇಲೆ ಬರೆದುಕೊಳ್ಳಿ: ಟ್ಯಾಂಕ್ ಎಷ್ಟು ಲೀಟರ್, ಬ್ಯಾಟರಿ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅವರ್, ಮೋಟಾರ್ ಸಿಂಗಲ್ಲೋ ಡಬಲ್ಲೋ, ಕಂಪನಿಯ ಹೆಸರು, ಮಾದರಿ ಸಂಖ್ಯೆ. ವೋಲ್ಟ್ ಒಂದೇ ಇದ್ದು, ಮೋಟಾರ್ ಎಳೆಯುವ ಕರೆಂಟೂ ಒಂದೇ ಆಗಿದ್ದರೆ 12 ಆಂಪಿಯರ್ ಅವರ್‌ನ ಬ್ಯಾಟರಿ 8ರದ್ದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಹೊತ್ತು ನಡೆಯುತ್ತದೆ. ನಾನು ನೋಡದೆ ಬಿಟ್ಟದ್ದು ಇದೊಂದನ್ನೇ.

ಇಲ್ಲಿ ಅತಿ ಮುಖ್ಯವಾದದ್ದು ಮಾದರಿ ಸಂಖ್ಯೆ. ಡಬ್ಬಿಯ ಮೇಲೋ ವಸ್ತುವಿನ ತಳದಲ್ಲೋ ಅಂಟಿಸಿದ ಚೀಟಿಯಲ್ಲಿ ಅದು ಇರುತ್ತದೆ. ಕೊನೆಯ ಒಂದು ಅಕ್ಷರ ಬದಲಾದರೂ ಒಳಗಿನ ಸರಕು ಬೇರೆಯಾಗಿರಬಹುದು. ಬಾರ್‌ಕೋಡ್ ಇದ್ದರೆ ಅದರ ಕೆಳಗಿನ 13 ಅಂಕಿಗಳನ್ನೂ ಬರೆದುಕೊಳ್ಳಿ. ಆ ಅಂಕಿಗಳನ್ನೇ ಹುಡುಕಿದರೆ ಎಷ್ಟೋ ಸಲ ನೇರವಾಗಿ ಅದೇ ವಸ್ತು ಸಿಗುತ್ತದೆ. ಅಂದ ಹಾಗೆ, ಬಾರ್‌ಕೋಡ್ 890ರಿಂದ ಶುರುವಾದರೆ ವಸ್ತು ಭಾರತದಲ್ಲೇ ತಯಾರಾದದ್ದು ಎಂದು ಅನೇಕರು ನಂಬಿದ್ದಾರೆ. ಆ ಕಂಪನಿ ಬಾರ್‌ಕೋಡ್ ಸಂಖ್ಯೆಯನ್ನು ಭಾರತದಲ್ಲಿ ಪಡೆದಿದೆ ಎಂಬುದಷ್ಟೇ ಅದರ ಅರ್ಥ. ಎಲ್ಲಿ ತಯಾರಾಯಿತು ಎಂಬುದನ್ನು ಬೇರೆಯಾಗಿ ಬರೆದಿರುತ್ತಾರೆ, ಅದನ್ನು ನೋಡಿ.

ಪದ ಹಾಕುವ ಬಗೆ

ಮಾದರಿ ಸಂಖ್ಯೆಯನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿ. ಆಗ ಸರ್ಚ್ ಎಂಜಿನ್ (ಗೂಗಲ್‌ನಂಥ ಹುಡುಕುತಾಣ) ಅದೇ ಅಕ್ಷರಗಳಿರುವ ಪುಟಗಳನ್ನು ಹುಡುಕುತ್ತದೆ. ಬೇಡದ ಪದದ ಮೊದಲ ಅಕ್ಷರಕ್ಕೆ ಮುಂಚೆ, ಜಾಗ ಬಿಡದೆ ಮೈನಸ್ ಚಿಹ್ನೆ ಹಾಕಿದರೆ ಆ ಪದವಿರುವ ಪುಟಗಳು ಹೊರಗುಳಿಯುತ್ತವೆ. ಬರೀ ನಾಜಲ್, ಬರೀ ಚಾರ್ಜರ್ ಮಾರುವ ಪುಟಗಳು ಅಡ್ಡ ಬರುತ್ತಿದ್ದರೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ. ಮಾರುವವರಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲೇ ವಿವರ ತುಂಬಿರುತ್ತಾರೆ. ಹೆಸರೇ ಗೊತ್ತಿಲ್ಲದಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಫೋಟೊ ತೆಗೆದು ಹುಡುಕಬಹುದು. ಆದರೆ ಅದು ನೋಟಕ್ಕೆ ಹೋಲುವುದನ್ನು ತೋರಿಸುತ್ತದೆ, ಒಳಗಿನ ಬ್ಯಾಟರಿ ಅದಕ್ಕೆ ಕಾಣದು. ಇಷ್ಟಾದ ಮೇಲೆ ‘ಶಾಪಿಂಗ್’ ಎಂಬ ವಿಭಾಗವನ್ನು ಒತ್ತಿ.

ಮೇಲಿನ ಸಾಲು ಯಾರದು?

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಚ್ಚಿನವರು ಮೋಸಹೋಗುವುದು ಇಲ್ಲಿಯೇ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಅಲ್ಲಿ 15 ಕಿಲೋ ಬಾಕ್ಸಿಗೆ ಕೂಗುತ್ತಾರೆ, ಹೆಚ್ಚು ಕೂಗಿದವರು ಸರಕು ಒಯ್ಯುತ್ತಾರೆ. ಸರ್ಚ್ ಎಂಜಿನ್‌ನಲ್ಲೂ ನೀವು ಪದ ಹಾಕಿದ ಕ್ಷಣದಲ್ಲಿ ಒಂದು ಹರಾಜು ನಡೆಯುತ್ತದೆ. ಅಲ್ಲಿ ಹರಾಜಾಗುವುದು ನಿಮ್ಮ ಕಣ್ಣೆದುರಿನ ಜಾಗ. ಒಬ್ಬರು ಒತ್ತಿದರೆ ಇಷ್ಟು ಕೊಡುತ್ತೇನೆ ಎಂದು ಮಾರುವವರು ಮೊದಲೇ ಕೂಗಿಟ್ಟಿರುತ್ತಾರೆ. ಆ ಕೂಗು, ಜಾಹೀರಾತಿನ ಗುಣಮಟ್ಟ, ನೀವು ಹುಡುಕಿದ್ದಕ್ಕೆ ಅದು ಎಷ್ಟು ಹೊಂದುತ್ತದೆ ಎಂಬುದೆಲ್ಲ ಸೇರಿ ಸ್ಥಾನ ತೀರ್ಮಾನವಾಗುತ್ತದೆ. ಅಂಥ ಸಾಲಿನ ಬಳಿ ‘ಸ್ಪಾನ್ಸರ್ಡ್’ ಅಥವಾ ‘ಪ್ರಾಯೋಜಿತ’ ಎಂದು ಸಣ್ಣದಾಗಿ ಬರೆದಿರುತ್ತಾರೆ. ಮೊದಲು ಕಂಡದ್ದು ಅಗ್ಗದ್ದೂ ಅಲ್ಲ, ಒಳ್ಳೆಯದೂ ಅಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಮೊದಲು ಬಂದದ್ದು ಆ ಕಾರಣಕ್ಕಲ್ಲ, ಅಷ್ಟೇ.

ಮೊದಲು ಹೀಗಿರಲಿಲ್ಲ. ಗೂಗಲ್ 2002ರ ಡಿಸೆಂಬರ್‌ನಲ್ಲಿ ‘ಫ್ರೂಗಲ್’ ಎಂಬ ಹೆಸರಿನಲ್ಲಿ ವಸ್ತುಗಳನ್ನು ಹುಡುಕುವ ಸೇವೆ ಶುರು ಮಾಡಿದಾಗ ಮಾರುವವರು ಬಿಡಿಗಾಸು ಕೊಡದೆ ತಮ್ಮ ಪಟ್ಟಿಯನ್ನು ಅದರಲ್ಲಿ ಸೇರಿಸಬಹುದಿತ್ತು. 2007ರಲ್ಲಿ ಹೆಸರು ಬದಲಾಯಿತು. 2012ರಲ್ಲಿ ಅಮೆರಿಕದಲ್ಲಿ ಅದು ‘ಗೂಗಲ್ ಶಾಪಿಂಗ್’ ಆಗಿ, ಹಣ ಕೊಟ್ಟವರಿಗೆ ಮಾತ್ರ ಜಾಗ ಎಂದಾಯಿತು. ಭಾರತಕ್ಕೆ ಈ ಶಾಪಿಂಗ್ ಪುಟ ಬಂದದ್ದು 2018ರ ಡಿಸೆಂಬರ್‌ನಲ್ಲಿ. 2020ರಲ್ಲಿ ಶಾಪಿಂಗ್ ವಿಭಾಗದೊಳಗೆ ಉಚಿತ ಪಟ್ಟಿಗೆ ಮತ್ತೆ ಜಾಗ ಸಿಕ್ಕಿತು. ಇತ್ತ ಯುರೋಪಿನಲ್ಲಿ, ಬೆಲೆ ಹೋಲಿಸುವ ಬೇರೆ ತಾಣಗಳನ್ನು ಕೆಳಕ್ಕೆ ತಳ್ಳಿ ತನ್ನದನ್ನೇ ಮೇಲೆ ಕೂರಿಸಿತು ಎಂಬ ಕಾರಣಕ್ಕೆ ಯುರೋಪಿಯನ್ ಆಯೋಗ 2017ರಲ್ಲಿ ಗೂಗಲ್‌ಗೆ 242 ಕೋಟಿ ಯೂರೊ ದಂಡ ಹಾಕಿತು. ಅಲ್ಲಿನ ಅತ್ಯುನ್ನತ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಸಾಲಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ಅಷ್ಟು ದೊಡ್ಡ ಹಣದ ವಿಷಯ.

ಆದ್ದರಿಂದ ಪ್ರಾಯೋಜಿತ ಸಾಲನ್ನು ದಾಟಿ ಕೆಳಗಿಳಿಯಿರಿ. ಬೆಲೆಯ ಮೇಲೆ ವಿಂಗಡಿಸುವ ಸೌಲಭ್ಯ ಇದ್ದರೆ ಬಳಸಿ. ಕನಿಷ್ಠ ಮೂರು ಕಡೆಯ ಬೆಲೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಬೆಲೆ ಹೋಲಿಸಲೆಂದೇ ಇರುವ ತಾಣಗಳೂ ನಮ್ಮಲ್ಲಿವೆ, ಮೈಸ್ಮಾರ್ಟ್‌ಪ್ರೈಸ್ ಅಂಥದ್ದೊಂದು. ಒಂದೇ ಕಡೆ ನೋಡಿ ಮುಗಿಸಬೇಡಿ.

ಬಾಗಿಲಿಗೆ ಬಂದು ಬೀಳುವ ಬೆಲೆ

ಮಂಡಿಯಲ್ಲಿ ಕೂಗಿದ ರೇಟು ಒಂದು, ಬಾಡಿಗೆ, ಹಮಾಲಿ ಎಲ್ಲ ಕಳೆದು ಮನೆಗೆ ಬರುವ ದುಡ್ಡು ಇನ್ನೊಂದು. ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪರದೆಯ ಬೆಲೆಗೂ ಅದೇ ಲೆಕ್ಕ ಹಾಕಿ, ಇಲ್ಲಿ ಕಳೆಯುವ ಬದಲು ಕೂಡಬೇಕು.

ಒಂದು ಉದಾಹರಣೆ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ಮೊದಲ ಕಡೆ ಪಂಪು 2,450 ರೂಪಾಯಿ. ಒತ್ತಿ ಒಳಗೆ ಹೋಗಿ ಮುಳಬಾಗಿಲಿನ ಪಿನ್‌ಕೋಡ್ 563131 ಹಾಕಿದ ಮೇಲೆ ಸಾಗಣೆ 180, ವಸ್ತು ಬಂದಾಗ ಹಣ ಕೊಡುತ್ತೇನೆ ಎಂದರೆ ಇನ್ನೂ 50. ಒಟ್ಟು 2,680. ಎರಡನೆಯ ಕಡೆ 2,599, ಸಾಗಣೆ ಇಲ್ಲ. ಪರದೆಯಲ್ಲಿ 149 ರೂಪಾಯಿ ದುಬಾರಿಯಾಗಿ ಕಂಡದ್ದು ಬಾಗಿಲಿಗೆ ಬರುವಾಗ 81 ರೂಪಾಯಿ ಅಗ್ಗವಾಯಿತು. ಮೂರನೆಯ ಕಡೆ 2,350 ಎಂದು ದಪ್ಪ ಅಕ್ಷರದಲ್ಲಿರುತ್ತದೆ, ಆದರೆ ಅದು ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಮಾತ್ರ. ನಿಮ್ಮ ಬಳಿ ಆ ಕಾರ್ಡ್ ಇಲ್ಲದಿದ್ದರೆ ಆ ಅಂಕಿಯನ್ನು ಚೀಟಿಯಲ್ಲಿ ಬರೆಯಲೇಬೇಡಿ. ಸಗಟು ವ್ಯಾಪಾರದ ತಾಣಗಳ ಬೆಲೆಗಳೂ ನಡುವೆ ನುಸುಳುತ್ತವೆ. ಅವುಗಳಲ್ಲಿ ಜಿಎಸ್‌ಟಿ ಸೇರದೆ ಇರಬಹುದು, ಕನಿಷ್ಠ ಹತ್ತು ಪಂಪು ಕೊಳ್ಳಬೇಕೆಂಬ ಷರತ್ತೂ ಇರಬಹುದು.

ಪಟ್ಟಿಯ ಬೆಲೆಗೂ ಅಂಗಡಿಯ ಪುಟದ ಬೆಲೆಗೂ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಮಾರುವವರು ಕಳುಹಿಸಿದ ಮಾಹಿತಿಯನ್ನು ಸರ್ಚ್ ಎಂಜಿನ್ ಆಗಾಗ ಹೊಸದು ಮಾಡಿಕೊಳ್ಳುತ್ತದೆ. ಆ ನಡುವೆ ಬೆಲೆ ಬದಲಾಗಿದ್ದರೆ ಹಳೆಯದೇ ಕಾಣುತ್ತದೆ. ಹಣ ಕಟ್ಟುವ ಕೊನೆಯ ಪುಟದಲ್ಲಿ ಕಂಡದ್ದೇ ಬೆಲೆ.

ಗೀಟು ಹಾಕಿದ ಎಂಆರ್‌ಪಿಯನ್ನು ನೋಡಿ ಮರುಳಾಗಬೇಡಿ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದನ್ನು ಮುದ್ರಿಸುವವರು ತಯಾರಕರು ಅಥವಾ ಆಮದು ಮಾಡಿಕೊಂಡವರೇ. 5,000 ಎಂದು ಮುದ್ರಿಸಿ 2,500ಕ್ಕೆ ಕೊಟ್ಟರೆ ‘ಅರ್ಧ ಬೆಲೆ’ ಎನ್ನಬಹುದು. ಹೋಲಿಸಬೇಕಾದದ್ದು ಈ ಅಂಗಡಿಯ ಮಾರಾಟದ ಬೆಲೆಯನ್ನು ಆ ಅಂಗಡಿಯ ಮಾರಾಟದ ಬೆಲೆಯೊಂದಿಗೆ. ‘ಇನ್ನು ಎರಡೇ ಉಳಿದಿವೆ’, ‘ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ’ ಎಂಬ ಸುಳ್ಳು ಅವಸರವನ್ನೂ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿತ ತಂತ್ರಗಳ ಪಟ್ಟಿಗೆ ಸೇರಿಸಿದೆ. ಅಂಥ ತಂತ್ರಗಳು 13 ಇವೆ. ಅವಸರವಿಲ್ಲದಿದ್ದರೆ ಬೆಲೆ ಇಳಿದಾಗ ತಿಳಿಸುವ ಸೌಲಭ್ಯವನ್ನು ಒತ್ತಿ ಕೆಲವು ದಿನ ಕಾಯಿರಿ.

ಮಾರುವವರು ಯಾರು?

ದೊಡ್ಡ ತಾಣದ ಹೆಸರು ಕಂಡರೆ ಸಾಲದು, ಅದರೊಳಗೆ ನಿಜವಾಗಿ ಮಾರುತ್ತಿರುವವರು ಬೇರೆ ಇರುತ್ತಾರೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರ ಹೆಸರು, ವಿಳಾಸ ಮತ್ತು ದೂರು ಅಧಿಕಾರಿಯ ವಿವರ ತಾಣದಲ್ಲಿ ಇರಬೇಕು. ದೂರು ಮುಟ್ಟಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಈ ವಿವರಗಳೇ ಇಲ್ಲದ, ಎಲ್ಲರಿಗಿಂತ ಅರ್ಧ ಬೆಲೆಗೆ ಕೊಡುವ, ಮುಂಗಡ ಹಣವನ್ನಷ್ಟೇ ಕೇಳುವ ಹೊಸ ತಾಣ ಕಂಡರೆ ಅಲ್ಲಿಂದ ಹೊರಬನ್ನಿ. ಕೆಲವು ಬ್ರೌಸರ್‌ಗಳಲ್ಲಿ ತಾಣದ ವಿಳಾಸದ ಪಕ್ಕ ಕಾಣುವ ಬೀಗದ ಚಿತ್ರವು ನಡುದಾರಿಯಲ್ಲಿ ಮಾಹಿತಿ ಕಳುವಾಗದು ಎಂದಷ್ಟೇ ಹೇಳುತ್ತದೆ, ಮಾರುವವರು ಸಾಚಾ ಎಂದು ಹೇಳುವುದಿಲ್ಲ.

ಇನ್ನೊಂದು ಮಾತನ್ನು ದಯವಿಟ್ಟು ಮನೆಯ ಹಿರಿಯರಿಗೂ ಹೇಳಿ. ಕಸ್ಟಮರ್ ಕೇರ್ ಸಂಖ್ಯೆಯನ್ನು ಸರ್ಚ್ ಎಂಜಿನ್‌ನಲ್ಲಿ ಹುಡುಕಿ ಕರೆ ಮಾಡಬೇಡಿ. ವಂಚಕರು ತಮ್ಮ ಸಂಖ್ಯೆಯನ್ನು ಕಂಪನಿಯ ಹೆಸರಿನಲ್ಲಿ ಅಲ್ಲಿ ಹಾಕಿಟ್ಟಿರುತ್ತಾರೆ. ಡಬ್ಬಿಯ ಮೇಲೆ, ಬಿಲ್ಲಿನಲ್ಲಿ ಅಥವಾ ಆ್ಯಪ್‌ನ ಒಳಗೆ ಇರುವ ಸಂಖ್ಯೆ ಮಾತ್ರ ಬಳಸಿ. ಹಣ ಹೋಯಿತೆಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪರದೆಗೆ ಬಾರದ ಬೆಲೆಗಳು

ಸರ್ಚ್ ಎಂಜಿನ್ ತೋರಿಸುವುದು ಆನ್‌ಲೈನ್‌ನಲ್ಲಿ ಬೆಲೆ ಹಾಕಿದವರನ್ನು ಮಾತ್ರ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಯಾಂತ್ರೀಕರಣ ಯೋಜನೆಯ ಸಹಾಯಧನದಲ್ಲಿ ಪಂಪು ಸಿಗುವುದಿದ್ದರೆ ಆ ಬೆಲೆ ಅಲ್ಲಿ ಕಾಣುವುದಿಲ್ಲ. ಪಹಣಿ, ಆಧಾರ್ ಹಿಡಿದು ಮೊದಲು ಅಲ್ಲಿ ವಿಚಾರಿಸಿ. ಚೀಟಿಯನ್ನು ಊರಿನ ಅಂಗಡಿಗೂ ಒಯ್ಯಿರಿ. ಬಾಗಿಲಿನ ಬೆಲೆ ತೋರಿಸಿ, ‘ನೀವು ಎಷ್ಟಕ್ಕೆ ಕೊಡುತ್ತೀರಿ ಅಣ್ಣಾ’ ಎಂದು ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ಅವರು ನೂರು ರೂಪಾಯಿ ಹೆಚ್ಚು ಹೇಳಿದರೂ ವಾಷರ್, ನಾಜಲ್, ಚಾರ್ಜರ್ ಅಲ್ಲೇ ಸಿಗುತ್ತವೆಯೇ, ಕೆಟ್ಟರೆ ರಿಪೇರಿ ಮಾಡಿಕೊಡುತ್ತಾರೆಯೇ ಎಂದು ಕೇಳಿ. ಹೌದು ಎಂದರೆ ನಾನು ಆ ನೂರು ರೂಪಾಯಿ ಕೊಡುತ್ತೇನೆ. ಟೊಮೆಟೊ ಸೀಸನ್ನಿನ ನಡುವೆ ಪಂಪನ್ನು ಪಾರ್ಸೆಲ್ ಮಾಡಿ ಬೇರೆ ಊರಿಗೆ ಕಳುಹಿಸಿ ಕಾಯುವುದು ಆಗದ ಮಾತು. ಚಿಕ್ಕಪ್ಪನ ಎರಡನೆಯ ಬ್ಯಾಟರಿಯನ್ನು ಕೊನೆಗೆ ಮುಳಬಾಗಿಲಿನ ಅಂಗಡಿಯಿಂದಲೇ ತಂದೆವು.

ವಸ್ತು ಬಂದ ದಿನ

ಆನ್‌ಲೈನ್‌ನಲ್ಲೇ ತರಿಸಿದ್ದರೆ ಡಬ್ಬಿ ಬಿಚ್ಚುವಾಗ ಒಬ್ಬರು ವಿಡಿಯೊ ಮಾಡಿ. ವಿಳಾಸದ ಚೀಟಿ, ಮಾದರಿ ಸಂಖ್ಯೆ, ಬ್ಯಾಟರಿಯ ಮೇಲಿನ ಅಂಕಿಗಳು ಅದರಲ್ಲಿ ಕಾಣಬೇಕು. ಬಿಲ್ಲನ್ನು ಮೊಬೈಲ್‌ಗೆ ಇಳಿಸಿಟ್ಟುಕೊಳ್ಳಿ. ಹಿಂದಿರುಗಿಸಲು ಎಷ್ಟು ದಿನವಿದೆ ನೋಡಿ, ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವಸ್ತು ಬೇರೆ ಬಂದು, ಮಾರಿದವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ.

ಪಂಪಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ರಾತ್ರಿಯಿಡೀ ಚಾರ್ಜ್ ಮಾಡಿ, ಬೆಳಿಗ್ಗೆ ಬರೀ ನೀರು ತುಂಬಿ ಅಂಗಳದಲ್ಲಿ ನಡೆಸಿ. ಎಲ್ಲಿ ಸೋರುತ್ತದೆ, ಎಷ್ಟು ಟ್ಯಾಂಕ್ ಆದ ಮೇಲೆ ಸದ್ದು ಇಳಿಯುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಔಷಧಿಯನ್ನು ಆಮೇಲೆ ಬೆರೆಸಿ. ಔಷಧಿ ಮುಟ್ಟಿದ ಪಂಪನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾರೂ ಸುಲಭವಾಗಿ ಒಪ್ಪುವುದಿಲ್ಲ.