ಏರ್ ಫ್ರೈಯರ್‌ನಲ್ಲಿ ಅನಾನಸ್ ಕ್ರಂಬಲ್: ರಸ ಮೊದಲು ಇಂಗಲಿ

ಕ್ರಂಬಲ್ ಅಂದರೆ ಹಣ್ಣಿನ ಮೇಲೆ ಉದುರುದುರು ಹಿಟ್ಟಿನ ಪದರ ಹಾಕಿ ಬೇಯಿಸುವ ಸಿಹಿ. ಮಳೆಗಾಲದ ಅನಾನಸ್‌ನಲ್ಲಿ ನೀರು ಜಾಸ್ತಿ. ಹಸಿ ಹೋಳಿನ ಮೇಲೆ ನೇರವಾಗಿ ಹಿಟ್ಟು ಉದುರಿಸಿದರೆ ಅದು ಗರಿಯಾಗಲ್ಲ, ಗಂಜಿಯಾಗುತ್ತೆ. ಹಾಗಾಗಿ ಎರಡು ಹಂತದಲ್ಲೇ ಮಾಡಿ.

ಸಣ್ಣಗೆ ಹೆಚ್ಚಿದ ಹಣ್ಣು 2 ಕಪ್, ಜೋನಿ ಬೆಲ್ಲ 1 ಚಮಚ, ಚಿಟಿಕೆ ಏಲಕ್ಕಿ ಪುಡಿ, ಚಿಟಿಕೆ ಕಾಳುಮೆಣಸಿನ ಪುಡಿ (ಇದನ್ನು ಬಿಡಬೇಡಿ, ಹುಳಿಗೆ ಚೆನ್ನಾಗಿ ಹೊಂದುತ್ತೆ). ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, 180 ಡಿಗ್ರಿಯಲ್ಲಿ 10 ನಿಮಿಷ. ನಡುವೆ ಒಮ್ಮೆ ಕೈಯಾಡಿಸಿ. ತಟ್ಟೆಯ ಸುತ್ತ ಗಾಳಿಯಾಡಲು ಬೆರಳಗಲ ಜಾಗ ಇರಲೇಬೇಕು.

ಮೇಲಿನ ಪದರಕ್ಕೆ ಓಟ್ಸ್ 4 ಚಮಚ, ಗೋಧಿ ಹಿಟ್ಟು 2, ಬೆಲ್ಲದ ಪುಡಿ 1, ಗಟ್ಟಿ ತುಪ್ಪ ಒಂದೂವರೆ ಚಮಚ. ಬೆರಳ ತುದಿಯಲ್ಲಿ ಉಜ್ಜಿ ಉದುರುದುರು ಮಾಡಿ, ಹಣ್ಣಿನ ಮೇಲೆ ಹರಡಿ ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತದಿದ್ದರೆ ಫ್ಯಾನ್ ಗಾಳಿಗೆ ಓಟ್ಸ್ ಹಾರಿ ಕಾಯಿಲ್‌ಗೆ ತಾಗಿ ಸೀಯುತ್ತೆ. ಈಗ 160 ಡಿಗ್ರಿ, 10ರಿಂದ 12 ನಿಮಿಷ. ಶಾಖ ಹೆಚ್ಚಿಸಬೇಡಿ, ಬೆಲ್ಲ ಬೇಗ ಕಪ್ಪಾಗಿ ಕಹಿಯಾಗುತ್ತೆ.

10 ನಿಮಿಷ ಆರಲು ಬಿಡಿ, ಆರಿದ ಮೇಲೆಯೇ ಗರಿಗರಿಯಾಗೋದು. ಐಸ್‌ಕ್ರೀಂ ಬದಲು ಗಟ್ಟಿ ಮೊಸರು ಸಾಕು. ಹಸಿ ಅನಾನಸ್ ಮೊಸರಿಗೆ ಬಿದ್ದರೆ ಹಣ್ಣಿನ ಕಿಣ್ವದಿಂದ (ಎಂಜೈಮ್) ಕಹಿ ಬರುತ್ತೆ. ಚೆನ್ನಾಗಿ ಬೆಂದದ್ದಕ್ಕೆ ಆ ತೊಂದರೆಯಿಲ್ಲ.