ಇಂಗ್ಲಿಷ್ ಆಲಿಸುವ ಅಭ್ಯಾಸಕ್ಕೆ ವಿದೇಶಿ ವಿದ್ಯಾರ್ಥಿಗಳ ಸಂದರ್ಶನ ಮಾಡುವುದು ಹೇಗೆ

ಪಠ್ಯಪುಸ್ತಕದ ಜೊತೆ ಬರುವ ಆಡಿಯೋದಲ್ಲಿ ಯಾರೂ ತಡವರಿಸುವುದಿಲ್ಲ, ಅರ್ಧ ವಾಕ್ಯ ನುಂಗುವುದಿಲ್ಲ. ಅದನ್ನೇ ಕೇಳಿ ಕಲಿತವರು ನಿಜವಾದ ಮಾತಿನೆದುರು ಕಕ್ಕಾಬಿಕ್ಕಿಯಾಗುತ್ತಾರೆ. ಬೇರೆ ಬೇರೆ ದೇಶಗಳಿಂದ ಓದಲು ಬಂದವರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡರೆ ಈ ಕೊರತೆ ನೀಗುತ್ತದೆ. ಅವರ ಉಚ್ಚಾರಣೆ ಕೇಳಿ ಕಲಿಯುವವರು ಕೆಡುತ್ತಾರೆಂಬ ಅಂಜಿಕೆ ಬೇಡ. ಜಗತ್ತಿನಲ್ಲಿ ಇಂಗ್ಲಿಷ್ ಮಾತಾಡುವವರಲ್ಲಿ ಹೆಚ್ಚಿನವರಿಗೆ ಅದು ಮಾತೃಭಾಷೆಯೇ ಅಲ್ಲ.

ಎಲ್ಲ ನಿಂತಿರುವುದು ಪ್ರಶ್ನೆಯ ಮೇಲೆ. ‘ಡೂ ಯು ಲೈಕ್ ಯುವರ್ ಹಾಸ್ಟೆಲ್?’ ಎಂದರೆ ‘ಯೆಸ್, ವೆರಿ ನೈಸ್’ ಎಂಬಲ್ಲಿಗೆ ಮಾತು ಮುಗಿಯಿತು. ಅದೇ ‘ಟೆಲ್ ಮಿ ಅಬೌಟ್ ಯುವರ್ ಫಸ್ಟ್ ನೈಟ್ ದೇರ್’ ಎಂದು ಕೇಳಿ ನೋಡಿ: ಕೀ ಸಿಗದ ಫಜೀತಿ, ಮನೆಗೆ ಮಾಡಿದ ಫೋನು ಎಲ್ಲ ತಾನಾಗಿ ಹೊರಬರುತ್ತದೆ, ಜೊತೆಗೆ ಭೂತಕಾಲದ ಕ್ರಿಯಾಪದಗಳೂ ಸಾಲುಗಟ್ಟುತ್ತವೆ. ಇಂಥ 6–8 ಪ್ರಶ್ನೆ ಸಾಕು. ವಿಷಯ ಏನೆಂದು ಮೊದಲೇ ತಿಳಿಸಿ, ಪ್ರಶ್ನೆಪಟ್ಟಿ ಮಾತ್ರ ಕೊಡಬೇಡಿ. ಕೊಟ್ಟರೆ ಉತ್ತರ ಬರೆದು ತಂದು ಓದುತ್ತಾರೆ. ಓದುವ ದನಿ ಎರಡನೇ ವಾಕ್ಯಕ್ಕೇ ಗೊತ್ತಾಗಿಬಿಡುತ್ತದೆ. ವೀಸಾ, ಹಣ, ಧರ್ಮ, ತವರಿನ ರಾಜಕೀಯ ಇವನ್ನು ಅವರಾಗಿ ಎತ್ತದ ಹೊರತು ನೀವು ಕೆದಕಬೇಡಿ.

ರೆಕಾರ್ಡಿಂಗ್ ಎಲ್ಲಿ ಬಳಕೆಯಾಗುತ್ತದೆ, ಹೆಸರು ಹಾಕಬಹುದೇ, ಆಮೇಲೆ ಮನಸ್ಸು ಬದಲಾದರೆ ತೆಗೆಸುವುದು ಹೇಗೆ ಎಂಬುದನ್ನು ಬರೆದು ಸಹಿ ಪಡೆಯಿರಿ. ಇದು ಮಾತು ಶುರುವಾಗುವ ಮುನ್ನ ಆಗಬೇಕು.

ಫೋನೇ ಸಾಕು, ಆದರೆ ಕೋಣೆ ಸರಿಯಿರಬೇಕು. ಪರದೆ, ಹಾಸಿಗೆ, ಬಟ್ಟೆ ಇರುವ ಸಣ್ಣ ಕೋಣೆ ಒಳ್ಳೆಯದು. ಖಾಲಿ ತರಗತಿಯಲ್ಲಿ ದನಿ ಗೋಡೆಗೆ ಬಡಿದು ಮರಳುತ್ತದೆ, ಆ ಮಾರ್ದನಿಯನ್ನು ಆಮೇಲೆ ತೆಗೆಯುವುದು ತುಂಬ ಕಷ್ಟ. ಫ್ಯಾನ್ ಆರಿಸಿ, ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಮಡಿಸಿದ ಬಟ್ಟೆಯ ಮೇಲೆ ಬಾಯಿಂದ 15–20 ಸೆಂ.ಮೀ. ದೂರದಲ್ಲಿ, ತುಸು ಪಕ್ಕಕ್ಕೆ ಇಡಿ. ನೇರ ಎದುರಿಗಿಟ್ಟರೆ ‘ಪ’, ‘ಬ’ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ‘ಟಪ್’ ಎನ್ನುತ್ತದೆ. ಅರ್ಧ ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನ್‌ನಲ್ಲಿ ಕೇಳಿ ಮುಂದುವರಿಯಿರಿ.

ಹೊಸಬರು ಎಡವುವುದು ‘ಹೂಂ, ಹೂಂ’ ಎನ್ನುವಲ್ಲಿ. ನಿಮ್ಮ ದನಿ ಅವರ ಮಾತಿನ ಮೇಲೆ ಬಿದ್ದರೆ ಆ ಭಾಗವನ್ನು ಕತ್ತರಿಸಲೂ ಆಗದು, ಇಟ್ಟುಕೊಳ್ಳಲೂ ಆಗದು. ತಲೆಯಾಡಿಸಿ, ಸಾಕು. ಉತ್ತರ ಮುಗಿದಂತೆ ಕಂಡಾಗ ಮನಸ್ಸಿನಲ್ಲೇ ಮೂರು ಎಣಿಸಿ. ಒಳ್ಳೆಯ ಮಾತು ಎಷ್ಟೋ ಸಲ ಆ ಮೌನದ ಆಚೆಗಿರುತ್ತದೆ.

20 ನಿಮಿಷದ ಸಂದರ್ಶನದಲ್ಲಿ 2–3 ನಿಮಿಷದ ಮೂರ್ನಾಲ್ಕು ತುಣುಕು ಸಿಕ್ಕರೆ ಲಾಭವೇ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಕತ್ತರಿಸಿ. ಅವರ ‘ಅಂ...’, ‘ಯು ನೋ’ ಉಳಿಯಲಿ. ಗದ್ದಲ ತೆಗೆಯುವ ಸವಲತ್ತನ್ನು ಅತಿಯಾಗಿ ಬಳಸಿದರೆ ‘ಸ’, ‘ಫ’ ಧ್ವನಿಗಳೂ ಸವೆಯುತ್ತವೆ, ಕಲಿಯುವವರಿಗೆ ಬೇಕಾದದ್ದೇ ಅವು. ಆರಂಭಿಕರಿಗಾಗಿ ವೇಗ ತಗ್ಗಿಸುವ ಬದಲು ಚಿಕ್ಕ ತುಣುಕು ಆರಿಸಿ.

ಮಾತನ್ನು ಅಕ್ಷರಕ್ಕಿಳಿಸುವಾಗ ‘ಹಿ ಗೋ ದೇರ್’ ಎಂದಿದ್ದರೆ ಹಾಗೆಯೇ ಬರೆಯಿರಿ. ತಾನಾಗಿ ಬರೆಯುವ ತಂತ್ರಾಂಶಗಳು ಇಂಥವನ್ನು ಸದ್ದಿಲ್ಲದೆ ತಿದ್ದುವುದುಂಟು, ‘ಕ್ಯಾನ್’ ಮತ್ತು ‘ಕಾಂಟ್’ ಅದಲುಬದಲು ಮಾಡುವುದೂ ಉಂಟು. ಕಿವಿಗೊಟ್ಟು ಒಮ್ಮೆ ತಾಳೆ ನೋಡಲೇಬೇಕು.

ಅಭ್ಯಾಸದ ಹಾಳೆಯಲ್ಲಿ ಮೊದಲ ಆಲಿಕೆಗೆ ಒಂದೇ ಪ್ರಶ್ನೆ: ಒಟ್ಟಾರೆ ಏನಾಯಿತು? ವಿವರಗಳು ಎರಡನೆಯದಕ್ಕೆ, ಬರಹ ಕೊಡುವುದು ಕಟ್ಟಕಡೆಗೆ. ಬಿಟ್ಟ ಸ್ಥಳಗಳ ನಡುವೆ 8–10 ಪದಗಳಾದರೂ ಇರಲಿ. ‘ಐ ವಾಸ್ ವೇಟಿಂಗ್ ___ ದ ಬಸ್’ ಎಂದು ಕೊಟ್ಟರೆ ‘ಫಾರ್’ ಎಂದು ಕೇಳದೆಯೂ ತುಂಬಬಹುದು. ‘ಐ ವೇಟೆಡ್ ___ ಮಿನಿಟ್ಸ್’ ಎಂದರೆ ಫಿಫ್ಟೀನೋ ಫಿಫ್ಟಿಯೋ ಎಂದು ಕಿವಿಯೇ ಹೇಳಬೇಕು. ಸಿದ್ಧವಾದ ಹಾಳೆಯನ್ನು ಆಡಿಯೋ ಕೇಳಿಸದೆ ಯಾರಿಗಾದರೂ ಕೊಡಿ. ಅವರು ಸರಿಯಾಗಿ ಉತ್ತರಿಸಿದ ಪ್ರಶ್ನೆಗಳನ್ನೆಲ್ಲ ಹೊಡೆದುಹಾಕಿ.