ಆರಡಿ ಗಿಡ ಬೇಕಂದ್ರೆ ಆರಡಿಗೇ ನಿಲ್ಲೋ ಗಿಡ ಹಾಕಿ: ಚಿಕ್ಕಮಗಳೂರಲ್ಲೂ ಮಲ್ಪೆಲೂ ನಾನು ಮಾಡಿದ್ದು

ಮನೆ ಸುತ್ತ ಗಿಡ ಹಾಕಿಕೊಡೋದು ನನ್ನ ಕೆಲಸ. ಜಾಸ್ತಿ ಚಿಕ್ಕಮಗಳೂರು ಟೌನ್ ಸುತ್ತಮುತ್ತ, ಕರೆದ್ರೆ ಬೇಲೂರು ಹಾಸನ ಕಡೆನೂ ಹೋಗ್ತೀನಿ, ತಂಗಿನ ಮಲ್ಪೆಗೆ ಕೊಟ್ಟಿರೋದ್ರಿಂದ ಕರಾವಳಿ ಕಡೆ ಗಿಡಗಳ ಸಹವಾಸನೂ ಆಗಿದೆ. ಎಲ್ಲಿ ಹೋದ್ರೂ ಮನೆಯವರು ಹೇಳೋದು ಹೆಚ್ಚುಕಮ್ಮಿ ಒಂದೇ ಥರ: ಕಾಂಪೌಂಡ್ ಗೋಡೆ ಮರೆಯಾಗ್ಬೇಕು, ಕಿಟಕಿ ಮರೆಯಾಗ್ಬಾರ್ದು, ಪೂಜೆಗೆ ನಾಲ್ಕು ಹೂ ಸಿಗ್ಬೇಕು, ದಿನಾ ನೋಡ್ಕೊಳ್ಳೋಕೆ ನಮಗೆ ಪುರುಸೊತ್ತಿಲ್ಲ. ಇಷ್ಟಕ್ಕೂ ಉತ್ತರ ನಾಲ್ಕಡಿಯಿಂದ ಎಂಟಡಿ ಒಳಗೆ ನಿಲ್ಲೋ ಪೊದೆ ಗಿಡಗಳು, ಮರನೂ ಅಲ್ಲ ಅಂಚಿಗೆ ಹಾಕೋ ಪುಟ್ಟ ಗಿಡನೂ ಅಲ್ಲ, ಮಧ್ಯಮ ಸೈಜು.

ಇದರಲ್ಲಿ ನಾನು ಗಟ್ಟಿಯಾಗಿ ಹಿಡ್ಕೊಂಡಿರೋದು ಒಂದೇ. ಹೂ ನೋಡೋಕೆ ಮುಂಚೆ, ಈ ಗಿಡ ಪೂರ್ತಿ ಬೆಳೆದ್ರೆ ಎಷ್ಟು ಎತ್ತರ ಎಷ್ಟು ಅಗಲ ಆಗುತ್ತೆ ಅಂತ ನೋಡ್ಬೇಕು, ಆಮೇಲೆ ನಮ್ಮ ಜಾಗದ ಗಾಳಿ ಮಣ್ಣು ಬಿಸಿಲಿಗೆ ಅದು ಒಗ್ಗುತ್ತಾ ನೋಡ್ಬೇಕು, ಹೂವಿನ ಬಣ್ಣ ಎಲ್ಲಾ ಅದಾದ್ಮೇಲೆ. ನರ್ಸರಿಲಿ ಕವರ್‌ನಲ್ಲಿ ಇರೋವಾಗ ಎಲ್ಲಾ ಗಿಡನೂ ಒಂದೂವರೆ ಅಡಿನೇ, ಅಲ್ಲಿ ನಿಂತ್ಕೊಂಡು ಏನೂ ಗೊತ್ತಾಗಲ್ಲ. ನಾನು ಹಳೇ ಮನೆಗಳ ಅಂಗಳ, ದೇವಸ್ಥಾನದ ಹಿತ್ಲು, ಎಸ್ಟೇಟ್ ಬಂಗ್ಲೆ, ಟೌನಲ್ಲಾದ್ರೆ ರತ್ನಗಿರಿ ಬೋರೆ ಪಾರ್ಕು, ಇಂಥ ಕಡೆ ಹೋಗಿ ಯಾರೂ ಕತ್ತರಿ ಹಾಕದೆ ಬಿಟ್ಟಿರೋ ಗಿಡ ಹುಡುಕ್ತೀನಿ. ದಾಸವಾಳನ ಅದರ ಪಾಡಿಗೆ ಬಿಟ್ರೆ ಎಂಟು ಹತ್ತಡಿ ಹೋಗಿ ಛತ್ರಿ ಥರ ಹರಡ್ಕೊಂಡಿರುತ್ತೆ, ಅಂಥದ್ದನ್ನ ಮೂರಡಿ ಅಗಲದ ಪಟ್ಟಿಲಿ ಗೋಡೆಗೆ ಅಂಟಿಸಿ ನೆಟ್ಟು ವರ್ಷಪೂರ್ತಿ ಸವರ್ತಾ ಕೂತ್ರೆ ಗಿಡಕ್ಕೂ ಕಷ್ಟ ಮನೆಯವರಿಗೂ ಕಷ್ಟ.

ನನ್ನ ಲೆಕ್ಕ ಸುಲಭ ಇದೆ. ಬೆಳೆದ ಗಿಡದ ಅಗಲದಲ್ಲಿ ಅರ್ಧ ತಗೊಳ್ಳಿ, ಅದಕ್ಕೆ ಒಂದಡಿ ಸೇರಿಸಿ, ಗೋಡೆಯಿಂದ ಅಷ್ಟು ದೂರ ಗುಂಡಿ ತೆಗೀರಿ. ಆರಡಿ ಹರಡೋ ಗಿಡಕ್ಕೆ ನಾಲ್ಕಡಿ ದೂರ. ಆ ಒಂದಡಿ ಯಾಕಂದ್ರೆ ಗೋಡೆಗೆ ಪೇಂಟ್ ಹೊಡೆಯೋಕೆ, ಪೈಪ್ ನೋಡೋಕೆ ಮನುಷ್ಯ ಒಳಗೆ ತೂರ್ಬೇಕು, ಗಿಡದ ಹಿಂದೆ ಗಾಳಿನೂ ಆಡ್ಬೇಕು. ಗಿಡಕ್ಕೂ ಗಿಡಕ್ಕೂ ನಡುವೆ ನಾಲ್ಕೈದು ಅಡಿ, ಬೇಲಿ ಥರ ಒತ್ತಾಗಿ ಬೇಕು ಅಂದ್ರೆ ಮಾತ್ರ ಎರಡೂವರೆ ಮೂರಡಿ. ಮೊದಲ ವರ್ಷ ಖಾಲಿ ಖಾಲಿ ಕಾಣುತ್ತೆ, ಮನೆಯವರು "ಅಣ್ಣಾ ಮಧ್ಯೆ ಇನ್ನೊಂದೊಂದು ಹಾಕ್ಬಿಡಿ" ಅಂತಾರೆ, ನಾನು ಆ ಜಾಗಕ್ಕೆ ಕನಕಾಂಬರನೋ ಸ್ಫಟಿಕದ ಗಿಡನೋ ಹಾಕಿಕೊಡ್ತೀನಿ, ದೊಡ್ಡ ಗಿಡ ಹರಡ್ತಾ ಬಂದ್ಹಾಗೆ ಅದನ್ನ ಕಿತ್ತು ಬೇರೆ ಕಡೆ ಇಟ್ರಾಯ್ತು.

ನಮ್ಮ ಕಡೆ ಹೊಸ ಲೇಔಟ್ ಮನೆಗಳಲ್ಲಿ ದೊಡ್ಡ ತೊಂದರೆ ಮಣ್ಣಿಂದು, ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಒಂದು ಮನೆಲಿ ಕೇಪಳ (ನರ್ಸರಿಯವರು ಇಕ್ಸೋರಾ ಅನ್ನೋದು) ಸಾಲಾಗಿ ಹಾಕಿದ್ರು, ನಾನು ಹಾಕಿದ್ದಲ್ಲ, ಆದ್ರೆ ನೋಡೋಕೆ ಕರೆದ್ರು. ಎಳೇ ಎಲೆಯೆಲ್ಲಾ ಹಳದಿ, ನರ ಮಾತ್ರ ಹಸಿರು, ಹಸಿರು ದಾರದಲ್ಲಿ ಬಲೆ ನೇಯ್ದ ಹಾಗೆ ಎದ್ದು ಕಾಣ್ತಿತ್ತು. ಕೆಳಗಿನ ಹಳೇ ಎಲೆ ಚೆನ್ನಾಗೇ ಇದ್ವು. ಎಳೇ ಎಲೆಲಿ ಹೀಗಾದ್ರೆ ಅದು ಕಬ್ಬಿಣದ ಕೊರತೆ, ಹಳೇ ಎಲೆ ಮೊದಲು ಹಳದಿ ಆದ್ರೆ ಸಾಮಾನ್ಯವಾಗಿ ಸಾರಜನಕ ಇಲ್ಲಾ ಮೆಗ್ನೀಷಿಯಂ ಕಡೆ ನೋಡ್ಬೇಕು. ಅವರು ಗೊಬ್ಬರ ಸಾಲ್ತಿಲ್ಲ ಅಂತ ಸಗಣಿ ಗೊಬ್ಬರ ಹಾಕ್ತಾನೇ ಇದ್ರು. ಗುದ್ದಲಿ ತಗೊಂಡು ಒಂದು ಗಿಡದ ಪಕ್ಕ ಅಗೆದ್ವಿ, ಅರ್ಧ ಅಡಿ ಕೆಳಗೇ ಪ್ಲಾಸ್ಟರಿಂಗ್ ಚೂರು, ಗಟ್ಟಿಯಾದ ಸಿಮೆಂಟ್ ಉಂಡೆ, ಜಲ್ಲಿ, ಹರಿದ ಸಿಮೆಂಟ್ ಚೀಲ. ಮನೆ ಕಟ್ಟಿ ಮಿಕ್ಕಿದ್ದೆಲ್ಲಾ ಅಲ್ಲೇ ತುಂಬಿಸಿ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಎಳೆದಿದ್ರು. ಸಿಮೆಂಟಲ್ಲಿ ಸುಣ್ಣದ ಅಂಶ ಇರುತ್ತಲ್ಲ, ಅದು ಮಣ್ಣನ್ನ ಕ್ಷಾರ ಮಾಡುತ್ತೆ, ಕೇಪಳಕ್ಕೆ ಬೇಕಿರೋದು ಹುಳಿ ಮಣ್ಣು. ಮಣ್ಣು ಕ್ಷಾರ ಆದ್ರೆ ಒಳಗೆ ಕಬ್ಬಿಣ ಇದ್ರೂ ಬೇರಿಗೆ ಎಳ್ಕೊಳ್ಳೋಕೆ ಆಗಲ್ಲ, ಎಷ್ಟು ಗೊಬ್ಬರ ಹಾಕಿದ್ರೂ ಅಷ್ಟೇ.

ಗಿಡ ಎಲ್ಲಾ ಬೇರಿನ ಮಣ್ಣುಂಡೆ ಸಮೇತ ಎತ್ತಿಸಿ ಎರಡಡಿ ಅಗಲ ಎರಡಡಿ ಆಳ ಗುಂಡಿ ತೆಗೆಸಿ ಡೆಬ್ರಿ ಪೂರ್ತಿ ಹೊರಗೆ ಹಾಕಿಸಿದೆ. ತೋಟದ ಕೆಂಪು ಮಣ್ಣು, ಮರದ ಕೆಳಗೆ ಕೊಳೆತ ತರಗೆಲೆ, ಸ್ವಲ್ಪ ಕಾಂಪೋಸ್ಟ್ ಸೇರಿಸಿ ತುಂಬಿ, ಗೋಡೆಯಿಂದ ಮೂರಡಿ ಈಚೆಗೆ ಮತ್ತೆ ನೆಟ್ಟೆ. ಗೋಡೆ ಬುಡದಲ್ಲಿ ಮಳೆ ನೀರಿನ ಜೊತೆ ಸುಣ್ಣ ಇಳೀತಾನೇ ಇರುತ್ತೆ, ಅದಕ್ಕೇ ಆ ದೂರ. ತಕ್ಷಣಕ್ಕೆ ಎಲೆಗೆ ಅನ್ನಭೇದಿ, ಅಂದ್ರೆ ಫೆರಸ್ ಸಲ್ಫೇಟ್, ಲೀಟರ್ ನೀರಿಗೆ 5 ಗ್ರಾಂ, ಅದಕ್ಕೆ ಸ್ವಲ್ಪ ನಿಂಬೆ ರಸ ಹಿಂಡಿ ಸಂಜೆ ಹೊತ್ತು ಸ್ಪ್ರೇ ಮಾಡ್ಸಿದೆ. ಅಂಗಳದ ಟೈಲ್ಸ್ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ, ತುಕ್ಕಿನ ಕಲೆ ಹೋಗಲ್ಲ. ಆ ಮಳೆಗಾಲದಲ್ಲಿ ಬಂದ ಚಿಗುರು ಕಡು ಹಸಿರು. ಅದನ್ನ ನೋಡಿದ್ಮೇಲೆ ಹೊಸ ಮನೆ ಅಂದ್ರೆ ನಾನು ಮೊದಲು ಗುಂಡಿ ತೆಗೆದು ಒಳಗೆ ಏನಿದೆ ನೋಡೇ ಗಿಡದ ಮಾತಿಗೆ ಬರೋದು.

ಚಿಕ್ಕಮಗಳೂರು ಟೌನ್ ಸಮುದ್ರ ಮಟ್ಟದಿಂದ ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ, ಡಿಸೆಂಬರ್ ಜನವರಿ ರಾತ್ರಿ ಥಂಡಿ ಕೆಲವು ಗಿಡಕ್ಕೆ ಆಗಲ್ಲ. ಮುಸಾಂಡ ಇಲ್ಲಿ ಚಳಿಗೆ ಎಲೆ ಉದುರಿಸಿ ಬರೀ ಕಡ್ಡಿ ಆಗುತ್ತೆ, ಅದೇ ಮುಸಾಂಡ ಮಲ್ಪೆಲಿ ಮೈ ತುಂಬಾ ಬಣ್ಣ ಹೊತ್ಕೊಂಡು ನಿಂತಿರುತ್ತೆ. ಹೈಡ್ರೇಂಜಿಯಾ ತಿರುಗಾ ಮುರುಗಾ, ನಮ್ಮ ಎಸ್ಟೇಟ್ ಬಂಗ್ಲೆಗಳ ಮುಂದೆ ನೀಲಿ ಚೆಂಡು ಬಿಡೋ ಗಿಡ ಕರಾವಳಿ ಸೆಖೆಗೆ ಬಾಡಿ ಹೋಗುತ್ತೆ. ಹಾಸನ ಒಂದೇ ಜಿಲ್ಲೆ ಒಳಗೇ ಎಷ್ಟು ವ್ಯತ್ಯಾಸ ಇದೆ ನೋಡಿ, ಸಕಲೇಶಪುರದ ಮಳೆಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಅರಸೀಕೆರೆಗೆ. ಅರಸೀಕೆರೆ ಕಡೂರು ಕಡೆಯವರು ಕೇಳಿದ್ರೆ ನಾನು ಕಣಗಿಲೆ, ಲಕ್ಕಿ, ಆಡುಸೋಗೆ ಅಂತೀನಿ. ನೀರು ಕಮ್ಮಿ ಸಾಕು, ದನ ಕುರಿ ಬಾಯಿ ಹಾಕೋದೂ ಅಪರೂಪ. ಮೂಡಿಗೆರೆ ಕಡೆ ಮಳೆಗೆ ನೆಕ್ಕರಿಕ ಹೇಳಿ ಮಾಡಿಸಿದ್ದು, ಹುಳಿ ಮಣ್ಣಲ್ಲಿ ತಾನಾಗೇ ಬರೋ ಗಿಡ, ನೇರಳೆ ಹೂ ಎಷ್ಟು ಚೆಂದ, ಹಣ್ಣು ತಿಂದ ಮಕ್ಕಳ ನಾಲಿಗೆ ಎಲ್ಲಾ ಬಣ್ಣ. ಗುಡ್ಡದಲ್ಲಿ ಇರೋದು ಅಂತ ಅದನ್ನ ಯಾರೂ ಮನೆಗೆ ತರಲ್ಲ, ನನಗೆ ತುಂಬಾ ಬೇಜಾರಾಗುತ್ತೆ.

ನಂದಿಬಟ್ಟಲು ಎಲ್ಲಾ ಕಡೆಗೂ ಆಗುತ್ತೆ. ಆರೇಳು ಅಡಿ, ಅರ್ಧ ನೆರಳಲ್ಲೂ ಹೂ ಬಿಡುತ್ತೆ, ಮುರಿದ್ರೆ ಹಾಲು ಬರೋದ್ರಿಂದ ದನ ಮುಟ್ಟಲ್ಲ. ದಾಸವಾಳ ಬೇಕೇ ಬೇಕು ಅನ್ನೋರಿಗೆ ಮೂಲೆ ಜಾಗ ಕೊಡ್ತೀನಿ, ಹಿಟ್ಟು ತಿಗಣೆ ಬರುತ್ತೆ ಅಂತಾನೂ ಮೊದಲೇ ಹೇಳ್ತೀನಿ, ಬೇಸಿಗೇಲಿ ಪೈಪಿಂದ ಜೋರಾಗಿ ನೀರು ಹೊಡೆದು ಆಮೇಲೆ ಬೇವಿನೆಣ್ಣೆ ಸೋಪಿನ ನೀರು ಹಾಕ್ಬೇಕು. ಮಂಗಗಳಿಗೆ ದಾಸವಾಳದ ಮೊಗ್ಗು ಅಂದ್ರೆ ಪ್ರಾಣ, ಕಾಡಿನ ಅಂಚಿನ ಮನೆಗಳವರಿಗೆ ಇದು ಗೊತ್ತಿರ್ಲಿ.

ಪೂರ್ವದ ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗೋ ಜಾಗಕ್ಕೆ ನಾನು ಕಾಫಿ ಗಿಡನೇ ಹಾಕ್ತೀನಿ, ಕೇಳಿದ್ರೆ ಜನಕ್ಕೆ ಆಶ್ಚರ್ಯ, ತೋಟದ ಗಿಡ ಮನೆ ಮುಂದೆ ಯಾಕೆ ಅಂತಾರೆ. ಹೊಳೆಯೋ ಎಲೆ, ಮಾರ್ಚ್ ಏಪ್ರಿಲ್ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಆದ್ಮೇಲೆ ಮಲ್ಲಿಗೆ ಥರ ಘಮ, ಆಮೇಲೆ ಕೆಂಪು ಹಣ್ಣು, ಇದಕ್ಕಿಂತ ಇನ್ನೇನು ಬೇಕು? ಬಾಳೆಹೊನ್ನೂರು ಹತ್ರದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 2007ರಲ್ಲಿ ಬಿಟ್ಟ ಚಂದ್ರಗಿರಿ ಅನ್ನೋ ಅರೇಬಿಕಾ ತಳಿ ಗಿಡ್ಡ, ಪೊದೆಯಾಗಿ ಬರುತ್ತೆ, ಮನೆಗೆ ಸರಿಯಾದ ಗಾತ್ರ. ಅರೇಬಿಕಾ ಒಂದೇ ಗಿಡ ಇದ್ರೂ ಕಾಯಿ ಕಟ್ಟುತ್ತೆ, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಪೂರ್ತಿ ಬಿಸಿಲಲ್ಲಿ ಮಾತ್ರ ಬೇಡ, ಬಿಸಿಲು ಜಾಸ್ತಿ ಇರೋ ಕಡೆ ಬಿಳಿ ಕಾಂಡಕೊರಕ ಜಾಸ್ತಿ. ಕಾಮಿನಿ ಗಿಡ ತುಂಬಾ ಜನ ಕೇಳ್ತಾರೆ, ಪರಿಮಳ ನಿಜವಾಗ್ಲೂ ಚೆನ್ನಾಗಿದೆ, ಆದ್ರೆ ಹತ್ತಿರದಲ್ಲಿ ಕಿತ್ತಳೆ ಇರೋ ತೋಟ ಇದ್ರೆ ನಾನು ಹಾಕಲ್ಲ. ಕಿತ್ತಳೆ ಜಾತಿಗೆ ಗ್ರೀನಿಂಗ್ ರೋಗ ಹರಡೋ ಸಿಲ್ಲಾ ಕೀಟ ಕಾಮಿನಿ ಮೇಲೆ ಚೆನ್ನಾಗಿ ಬೆಳೆಯುತ್ತೆ. ಲಂಟಾನ ಅಂತೂ ಎಷ್ಟೇ ಬಣ್ಣದ್ದು ತೋರಿಸಿದ್ರೂ ತರಲ್ಲ, ಹಕ್ಕಿ ಬೀಜ ಹೊತ್ಕೊಂಡು ಹೋಗಿ ಕಾಡು ಸೇರುತ್ತೆ, ನಮ್ಮ ಕಾಡುಗಳಿಗೆ ಅದರಿಂದ ಆಗಿರೋ ಹಾನಿ ಸಾಕು.

ಈಗ ಮಲ್ಪೆ ಕಥೆ. ತಂಗಿ ಮನೆ ಸಮುದ್ರಕ್ಕೆ ಹತ್ರ, ಪಡುವಣದ ಗಾಳಿ ಸೀದಾ ಕಾಂಪೌಂಡ್‌ಗೆ ಬಡಿಯುತ್ತೆ. ಇಲ್ಲಿಂದ ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಹೋಗುವಾಗ ಗಾಡಿ ತುಂಬಾ ಗಿಡ ತಗೊಂಡು ಹೋಗೋದು ಸುಲಭ ಇತ್ತು, ನಾನು ಖಾಲಿ ಕೈಲಿ ಹೋದೆ. ಮೊದಲು ಅವರ ಬೀದಿಲಿ ಆ ತುದಿಯಿಂದ ಈ ತುದಿವರೆಗೆ ನಡೆದು ಅಕ್ಕಪಕ್ಕದ ಮನೆ ಗಿಡಗಳ ಎಲೆ ನೋಡಿದೆ. ಸಮುದ್ರದ ಕಡೆ ಮುಖ ಇರೋ ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿ ಸುಟ್ಟಂಗೆ ಆಗಿತ್ತು, ಅದೇ ಗಿಡದ ಮನೆ ಕಡೆಯ ಎಲೆ ಹಸಿರು. ಅದು ಉಪ್ಪು ಗಾಳಿ ಕೆಲಸ, ರೋಗ ಅಲ್ಲ. ಯಾವ ಗಿಡದಲ್ಲಿ ಎರಡೂ ಕಡೆ ಎಲೆ ಒಂದೇ ಥರ ಇದೆ ಅಂತ ನೋಡಿದ್ರೆ ಮೊದಲನೇ ಸಾಲಿಗೆ ಯಾವುದು ಅಂತ ಅಲ್ಲೇ ಗೊತ್ತಾಗುತ್ತೆ: ಕಣಗಿಲೆ, ಬೋಗನ್‌ವಿಲ್ಲಾ, ಕೆಲವು ಕಡೆ ಬೀಚಲ್ಲೇ ಬೆಳೆಯೋ ದಪ್ಪ ಎಲೆಯ ಸ್ಕೇವೋಲಾ.

ತಂಗಿ ಗಂಡನಿಗೆ ಗೇಟ್ ಪಕ್ಕದಲ್ಲೇ ಕೇಪಳ ಬೇಕಿತ್ತು. "ಭಾವ, ಕೇಪಳ ನಮ್ಮ ಊರಿನದ್ದೇ ಅಲ್ವಾ, ಗುಡ್ಡೆಯಲ್ಲೆಲ್ಲಾ ಇದೆ" ಅಂದ್ರು. ಇದೆ, ಆದ್ರೆ ಆ ಗುಡ್ಡೆ ಇರೋದು ಒಳನಾಡಲ್ಲಿ, ಮುರಕಲ್ಲಿನ ಹುಳಿ ಮಣ್ಣಲ್ಲಿ, ಸಮುದ್ರದ ಎದುರು ಮರಳಲ್ಲಿ ಅಲ್ಲ. ಅದಕ್ಕೆ ಪಡುವಣ ಗೋಡೆಗೆ ಬೋಗನ್‌ವಿಲ್ಲಾ, ಕಣಗಿಲೆ ಮುಂದೆ ನಿಲ್ಲಿಸಿ, ಅದರ ಮರೆಲಿ ಎರಡನೇ ಸಾಲಿಗೆ ಕೇಪಳ, ನಂದಿಬಟ್ಟಲು, ಮನೆಗೆ ತೀರಾ ಹತ್ರ ಮುಸಾಂಡ, ಹ್ಯಾಮೇಲಿಯಾ ಕೊಟ್ಟೆ. ಮುಂದಿನ ಸಾಲು ಉಪ್ಪನ್ನ ತಡೆಯುತ್ತೆ, ಹಿಂದಿನದ್ದು ಹೂ ಬಿಡುತ್ತೆ. ಹ್ಯಾಮೇಲಿಯಾಗೆ ಸೂರಕ್ಕಿ ಬರ್ತಾವೆ, ತಂಗಿಗೆ ಅದೇ ಖುಷಿ. ಕಣಗಿಲೆ ಬಗ್ಗೆ ಒಂದು ಮಾತು, ಎಲೆ ಹೂ ಕಡ್ಡಿ ಎಲ್ಲಾ ವಿಷ, ಕತ್ತರಿಸಿದ್ದನ್ನ ದನದ ಮುಂದೆ ಎಸೀಬೇಡಿ, ಬೆಂಕಿಗೂ ಹಾಕ್ಬೇಡಿ, ಹೊಗೆನೂ ಒಳ್ಳೇದಲ್ಲ. ಚಿಕ್ಕ ಮಕ್ಕಳಿರೋ ಮನೆಗೆ ನಾನು ಅದನ್ನ ಹಾಕೋದೇ ಇಲ್ಲ, ಬೋಗನ್‌ವಿಲ್ಲಾ ಒಂದೇ ಸಾಕು.

ನೆಡೋ ಕಾಲನೂ ಬೇರೆ ಬೇರೆ. ನಮ್ಮಲ್ಲಿ ಜೂನ್‌ನಲ್ಲಿ ಮಳೆ ಹಿಡಿದ ತಕ್ಷಣ ನೆಟ್ರೆ ಚಳಿಗಾಲದೊಳಗೆ ಬೇರು ಬಿಡುತ್ತೆ. ಕರಾವಳಿಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತೆ, ಉಪ್ಪು ಗಾಳಿ ಜೋರಾಗಿ ಬೀಸೋದೂ ಆಗಲೇ. ಎಳೇ ಗಿಡ ಜೂನ್‌ನಲ್ಲಿ ಇಟ್ರೆ ಬುಡ ಅಲ್ಲಾಡಿ ಬೇರು ಹಿಡಿಯಲ್ಲ, ಅದಕ್ಕೆ ಆಗಸ್ಟ್ ಕೊನೆಗೆ ನೆಟ್ಟಿದ್ದು. ಮರಳು ಮಣ್ಣಲ್ಲಿ ನೀರು ನಿಲ್ಲಲ್ಲ, ಗುಂಡಿ ತಳಕ್ಕೆ ತೆಂಗಿನ ಸಿಪ್ಪೆ ಒಳಮೈ ಮೇಲೆ ಮಾಡಿ ಜೋಡಿಸಿ, ಕಾಂಪೋಸ್ಟ್ ಜಾಸ್ತಿ ಹಾಕಿ, ಮೇಲೆ ದಪ್ಪಗೆ ತರಗೆಲೆ ಹೊದಿಸಿದ್ವಿ. ಅಲ್ಲಿ ಬೇಸಿಗೇಲಿ ಕೆಲವು ಬಾವಿ ನೀರು ಉಪ್ಪಾಗುತ್ತೆ, ಏಪ್ರಿಲ್ ಮೇ ತಿಂಗಳು ಬಾವಿ ನೀರನ್ನ ಬಾಯಿಗೆ ಹಾಕಿ ನೋಡಿ, ಉಪ್ಪು ಅನ್ಸಿದ್ರೆ ಎರಡನೇ ಸಾಲಿನ ಗಿಡಕ್ಕೆ ನಲ್ಲಿ ನೀರೇ ಹಾಕು ಅಂತ ತಂಗಿಗೆ ಹೇಳಿದೀನಿ.

ಗಿಡ ಸವರೋ ಕೆಲಸ (ನಮ್ಮ ಕಾಫಿ ತೋಟದವರು ಇದಕ್ಕೇ ಕಸಿ ಅಂತಾರೆ), ಜಾಗಕ್ಕೆ ಸರಿಯಾದ ಗಿಡ ಹಾಕಿದ್ರೆ ತುಂಬಾ ಕಮ್ಮಿ. ಕೇಪಳಕ್ಕೆ ರೆಂಬೆ ತುದಿಲಿ ಹೂ ಬರೋದು, ಪೆಟ್ಟಿಗೆ ಆಕಾರ ಬರ್ಲಿ ಅಂತ ತಿಂಗಳು ತಿಂಗಳು ಕತ್ತರಿ ಆಡಿಸಿದ್ರೆ ಹೂ ಎಲ್ಲಿಂದ ಬರುತ್ತೆ? ದಾಸವಾಳ ಹೊಸ ಚಿಗುರಲ್ಲಿ ಹೂ ಬಿಡುತ್ತೆ, ಚಳಿ ಮುಗಿದ್ಮೇಲೆ ಮೂರನೇ ಒಂದು ಭಾಗ ತೆಗೀಬಹುದು. ಬೋಗನ್‌ವಿಲ್ಲಾಗೆ ನೀರು ಜಾಸ್ತಿ ಆದ್ರೆ ಬರೀ ಎಲೆ, ಒಣಗಿಸಿದ್ರೆ ಹೂ.

ಗಿಡ ತರುವಾಗ ಕವರ್ ತಳ ಒಂದ್ಸಲ ನೋಡಿ, ಬೇರು ಸುರುಳಿ ಸುತ್ಕೊಂಡು ಗಟ್ಟಿಯಾಗಿದ್ರೆ ಬಿಟ್ಬಿಡಿ, ಎಷ್ಟು ಹೂ ಇದ್ರೂ ಬೇಡ. ದುಡ್ಡು ಕೊಟ್ಟು ತರೋದೇ ಬೇಡ ಅನ್ನೋರಿಗೆ ನಂದಿಬಟ್ಟಲು, ದಾಸವಾಳ, ಕಣಗಿಲೆ ಮೂರೂ ಕಡ್ಡಿಯಿಂದ ಬರುತ್ತೆ, ಪೆನ್ಸಿಲ್ ದಪ್ಪದ ಬಲಿತ ಕಡ್ಡಿ ಮುಕ್ಕಾಲಡಿ ಉದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮಳೆಗಾಲ ಶುರುವಾದಾಗ ಮರಳು ಮಿಕ್ಸ್ ಮಾಡಿದ ಮಣ್ಣಿನ ಕವರ್‌ನಲ್ಲಿ ನೆರಳಿಗೆ ಇಡಿ. ಕೇಪಳ ಕಡ್ಡಿ ನಿಧಾನ, ಅದಕ್ಕೆ ತಾಳ್ಮೆ ಬೇಕು, ಎಲೆ ಬಂತು ಅಂತ ಎಳೆದು ಬೇರು ನೋಡೋಕೆ ಹೋಗ್ಬೇಡಿ, ಎರಡನೇ ಜೋಡಿ ಎಲೆ ಬಂದು ಗಟ್ಟಿ ಆದ್ಮೇಲೆ ಜಾಗಕ್ಕೆ ಇಡಿ.